ಫಿಲ್ಟರ್‌ಗೆ ಹಿಡಿದ ಮಳೆಗಾಲ

ಮಳೆ ಬಿಟ್ಟ ಮೇಲೆ ಮಲ್ಪೆಯ ನಮ್ಮ ತಾರಸಿಯಿಂದ ಗುರುಗ್ರಹದ ಚಿತ್ರ ತೆಗೆದರೆ ಅದರ ಮೇಲಿನ ಬೃಹತ್ ಸುಳಿಗಾಳಿಯಾದ ದೊಡ್ಡ ಕೆಂಪು ಕಲೆ ಮಂಕಾಗಿತ್ತು. 889 ನ್ಯಾನೋಮೀಟರ್‌ನ ಮೀಥೇನ್ ಫಿಲ್ಟರ್‌ನಲ್ಲಿ ಅದು ಬೆಳ್ಳಗೆ ಹೊಳೆಯಬೇಕು. ಈ ತರಂಗಾಂತರದ ಬೆಳಕನ್ನು ಗುರುವಿನ ಮೀಥೇನ್ ಅನಿಲ ಹೀರಿಕೊಳ್ಳುತ್ತದೆ; ಕಲೆಯ ಮೇಲಿನ ಮಬ್ಬು ಮಾತ್ರ ಆ ಅನಿಲದ ಬಹುಪಾಲಿಗಿಂತ ಎತ್ತರದಲ್ಲಿದ್ದು ಬೆಳಕನ್ನು ಹಿಂದಿರುಗಿಸುತ್ತದೆ.

ಫೋಕಸ್ ಸರಿಯಿತ್ತು. ಸ್ನೇಹಿತರ ಲ್ಯಾಬ್‌ನ ಸ್ಪೆಕ್ಟ್ರೋಮೀಟರ್‌ನಲ್ಲಿ (ಬೆಳಕಿನ ತರಂಗಾಂತರ ಅಳೆಯುವ ಉಪಕರಣ) ನೋಡಿದಾಗ ಫಿಲ್ಟರ್ ಒಳಬಿಡುವ ಬೆಳಕಿನ ಪಟ್ಟಿ 892 ನ್ಯಾನೋಮೀಟರ್‌ಗೆ ಸರಿದಿತ್ತು. ಫಿಲ್ಟರ್ ಗಾಜಿನ ಮೇಲಿನ ಹಳೇ ಬಗೆಯ ಲೇಪನದ ಸೂಕ್ಷ್ಮ ರಂಧ್ರಗಳಲ್ಲಿ ನಮ್ಮ ಕರಾವಳಿಯ ತೇವ ಕೂತಿತ್ತು. ಬಾಹ್ಯಾಕಾಶದಲ್ಲಿ ಇದೇ ಕಥೆ ತಿರುಗಿ ನಡೆಯುತ್ತದೆ: ನಿರ್ವಾತದಲ್ಲಿ ತೇವ ಹೊರಟು ಪಟ್ಟಿ ಗಿಡ್ಡ ತರಂಗಾಂತರಕ್ಕೆ ಜರುಗುತ್ತದೆ. ಅದಕ್ಕೇ ಗ್ರಹನೌಕೆಗಳಿಗೆ ರಂಧ್ರವಿಲ್ಲದ ದಟ್ಟ ಲೇಪನವೇ ಒಳ್ಳೆಯದು.

ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಫಿಲ್ಟರ್ ಇಟ್ಟೆ. ನೀಲಿ ಹರಳು ಎರಡು ಸಲ ಗುಲಾಬಿಗೆ ತಿರುಗಿತು, ಎರಡು ಸಲವೂ ಬದಲಿಸಿದೆ. ಹನ್ನೆರಡನೇ ದಿನ ಪಟ್ಟಿ 889ಕ್ಕೆ ಮರಳಿತು. ಫಿಲ್ಟರ್ ಅಂಚಿನ ಹಾಲುಬಣ್ಣದ ಮಚ್ಚೆ ಮಾತ್ರ ಹೋಗಲಿಲ್ಲ. ಅಂದು ರಾತ್ರಿ ಗುರುವಿನ ಕೆಂಪು ಕಲೆ ಫಳಫಳ ಹೊಳೆಯಿತು.