ಕೊಟ್ಟಿಗೆ ಕೆಲಸದಲ್ಲಿ ಏಟು ಬೀಳದ ಹಾಗೆ ನೋಡಿಕೊಳ್ಳುವುದು ಹೇಗೆ

ಮೊದಲು ಹಗ್ಗದ ವಿಷಯ. ದನ ಹಿಡಿದುಕೊಂಡು ಹೋಗುವಾಗ ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಹಿಡಿತ ಸಿಗುತ್ತದೆ ಅಂತ ಎಲ್ಲರೂ ಸುತ್ತಿಕೊಳ್ಳುತ್ತಾರೆ, ನಾನೂ ಹಾಗೇ ಮಾಡುತ್ತಿದ್ದೆ. ನಾನು ಕೆಲಸಕ್ಕಿದ್ದ ಡೇರಿ ಫಾರ್ಮಿನಲ್ಲಿ ಒಂದು ಬೆಳಿಗ್ಗೆ ಕಡಸೊಂದನ್ನು ಮೈ ತೊಳೆಯೋಕೆ ಕರೆದುಕೊಂಡು ಹೋಗುತ್ತಿದ್ದೆ, ಹಾಲಿನ ಗಾಡಿಯವರು ಹಾರ್ನ್ ಹೊಡೆದರು, ಕಡಸು ಬೆದರಿ ಓಡಿತು. ನೈಲಾನ್ ಹಗ್ಗ ಬಿಗಿದು ಬೆರಳುಗಳನ್ನು ಹಿಂಡಿಬಿಟ್ಟಿತು. ನಾನು ಗಂಜಳದ ಮೇಲೆ ಬಿದ್ದು, ಅದರ ಹಿಂದೆ ಎಳೆದುಕೊಂಡೇ ಹೋದೆ. ಕಿರುಬೆರಳು ಇವತ್ತಿಗೂ ಪೂರ್ತಿ ಮಡಚಲು ಬರುವುದಿಲ್ಲ. ಹಗ್ಗವನ್ನು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿಯಿರಿ, ಜೋರಾಗಿ ಎಳೆದರೆ ಅದು ಜಾರಿ ಹೋಗಬೇಕು. ದನ ತಪ್ಪಿಸಿಕೊಂಡರೆ ಮತ್ತೆ ಹಿಡಿಯಬಹುದು, ಅಲ್ವಾ? ಕಂಬಕ್ಕೂ ತುದಿ ಎಳೆದರೆ ಬಿಚ್ಚಿಕೊಳ್ಳುವ ಗಂಟೇ ಹಾಕಿ, ಕುಣಿಕೆಯೊಳಗೆ ಬೆರಳು ತೂರಿಸಬೇಡಿ. ಉಂಗುರವನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಇನ್ನು ನಿಲ್ಲುವ ಜಾಗ. ಹಸುವಿಗೆ ಅಕ್ಕಪಕ್ಕ ಚೆನ್ನಾಗಿ ಕಾಣುತ್ತದೆ, ನೇರ ಹಿಂದೆ ಕಾಣುವುದಿಲ್ಲ. ಸದ್ದಿಲ್ಲದೆ ಹಿಂದಿನಿಂದ ಹೋಗಿ ಮುಟ್ಟಿದರೆ ಹೆದರಿ ಒದೆಯುತ್ತದೆ. ಭುಜದ ಕಡೆಯಿಂದ ಮಾತಾಡಿಸುತ್ತಾ ಹೋಗಿ, ಮೈ ಮೇಲೆ ಕೈ ಇಟ್ಟು, ಆ ಕೈ ತೆಗೆಯದೆ ಹಿಂದಕ್ಕೆ ಸರಿಯಿರಿ. ಹಸು ಹಿಂದಕ್ಕಷ್ಟೇ ಒದೆಯುವುದಿಲ್ಲ, ಕಾಲು ಮುಂದಕ್ಕೆ ತಂದು ಪಕ್ಕಕ್ಕೂ ಬೀಸುತ್ತದೆ. ಒಂದೋ ಹಸುವಿನ ತೊಡೆಗೆ ಒತ್ತಿಕೊಂಡು ನಿಲ್ಲಿ, ಇಲ್ಲವೇ ಕಾಲು ಎಟುಕದಷ್ಟು ದೂರ ಇರಿ. ಮಧ್ಯದಲ್ಲಿ ನಿಂತವರಿಗೇ ಏಟು ಜಾಸ್ತಿ. ಗೋಡೆಗೂ ಹಸುವಿಗೂ ನಡುವೆ ಮಾತ್ರ ನುಗ್ಗಲೇಬೇಡಿ, 500 ಕೆಜಿ ತೂಗುವ ಎಚ್ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ) ಹಸು ಸುಮ್ನೆ ಒರಗಿದರೂ ಪಕ್ಕೆಲುಬು ಮುರಿಯಬಹುದು.

ಸಾಧು ಹಸು ಇದ್ದಕ್ಕಿದ್ದ ಹಾಗೆ ಹಾಲು ಕರೆಯುವಾಗ ಒದ್ದರೆ ಹೊಡೆಯಬೇಡಿ. ಕೆಚ್ಚಲು ಬಾವು ಇದೆಯಾ, ಮೊಲೆ ಒಡೆದಿದೆಯಾ ನೋಡಿ. ಕರು ಹಾಕಿದ ಹೊಸದರಲ್ಲಿ ಎಂಥ ಹಸುವೂ ಹಾಯಲು ಬರಬಹುದು, ಕರು ಮುಟ್ಟುವಾಗ ತಾಯಿಯನ್ನು ಕಟ್ಟಿರಿ. ಔಷಧಿ ಹಾಕುವಾಗ ಒದೆಯುವ ಹಸುವಾದರೆ ಇನ್ನೊಬ್ಬರು ಬಾಲದ ಬುಡ ಹಿಡಿದು ಮೆಲ್ಲಗೆ ನೇರ ಮೇಲಕ್ಕೆತ್ತಲಿ, ಒದೆತ ಕಡಿಮೆಯಾಗುತ್ತದೆ. ತುದಿ ತಿರುಚಿದರೆ ಬಾಲದ ಮೂಳೆ ಮುರಿಯಬಹುದು.

ಗಾಯವೇ ಇಲ್ಲದೆ ಆಗುವ ಅಪಾಯದ ಬಗ್ಗೆ ನಮಗೆ ಯಾರೂ ಹೇಳುವುದಿಲ್ಲ. ಮಾಸು ಬೀಳಲಿಲ್ಲ ಅಂತ, ಗರ್ಭ ಹೋಯಿತು ಅಂತ ಬರಿಗೈ ಹಾಕಿದರೆ, ದನಗಳ ಗರ್ಭ ಕೆಡಿಸುವ ಬ್ರುಸೆಲ್ಲಾ ರೋಗ ಮನುಷ್ಯರಿಗೂ ಬರಬಹುದು. ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು, ಕೀಲು ನೋವು ಬಂದರೆ ಡಾಕ್ಟರಿಗೆ ದನದ ಕೆಲಸ ಮಾಡುತ್ತೇನೆ ಅಂತ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಅವರಿಗೆ ಹೊಳೆಯದೇ ಹೋಗಬಹುದು. ದನ ಜೊಲ್ಲು ಸುರಿಸುತ್ತಾ ಮೇವು ಬಿಟ್ಟರೆ ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ಬಾಯಿಗೆ ಕೈ ಹಾಕಬೇಡಿ. ಅದು ಹುಚ್ಚುನಾಯಿ ಕಡಿದ ದನವೂ ಆಗಿರಬಹುದು. 1962ಕ್ಕೆ ಫೋನ್ ಮಾಡಿ ಪಶುವೈದ್ಯರನ್ನು ಕರೆಸಿ. ಆಗಲೇ ಕೈ ಹಾಕಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಬೇಕಾ ಅಂತ ಕೇಳಿ.

ಏಟು ಬಿದ್ದೇ ಬಿಟ್ಟರೆ? ಗಾಯಕ್ಕೆ ಕಾಫಿಪುಡಿ, ಅರಿಶಿನ ತುಂಬಬೇಡಿ. ತೊಳೆದು, ಶುಭ್ರ ಬಟ್ಟೆ ಒತ್ತಿ ಹಿಡಿದು ಆಸ್ಪತ್ರೆಗೆ ಹೋಗಿ. ಕೊಟ್ಟಿಗೆ ಗಾಯಕ್ಕೆ ಧನುರ್ವಾಯು ಇಂಜೆಕ್ಷನ್ ವಿಷಯ ಕೇಳಲೇಬೇಕು. ಬೆರಳು ತುಂಡಾಗಿದ್ದರೆ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಆ ಕವರನ್ನು ಐಸ್ ಮೇಲಿಡಿ. ಬೆರಳಿಗೆ ನೇರವಾಗಿ ಐಸ್ ತಾಗಬಾರದು.

ಹೊಟ್ಟೆಗೆ ಒದೆ ಬಿದ್ದವರು ಎದ್ದು ಓಡಾಡಿಕೊಂಡು ಚೆನ್ನಾಗೇ ಇದ್ದೀನಿ ಅನ್ನಬಹುದು, ಆದರೆ ಒಳಗೆ ರಕ್ತ ಸೋರುತ್ತಿದ್ದರೆ ಗಂಟೆಗಳಾದ ಮೇಲೆ ಗೊತ್ತಾಗುತ್ತದೆ. ಹೊಟ್ಟೆ ಬಿಗಿದರೆ, ತಲೆ ಸುತ್ತಿದರೆ, ಎಡ ಭುಜ ನೋಯುತ್ತಿದ್ದರೆ, ಮೂತ್ರ ಕೆಂಪಾದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಫಾರ್ಮ್ ಮಾಲೀಕರಿಗೂ ಒಂದು ಮಾತು: ಕೆಲಸದವರು ಕೂಲಿ ಹೋಗುತ್ತದೆ ಅಂತ ನೋವು ಮುಚ್ಚಿಡುತ್ತಾರೆ. ಅವತ್ತಿನ ಕೂಲಿ ಕೊಡುತ್ತೇನೆ ಅಂತ ಮೊದಲೇ ಹೇಳಿ, ಆಸ್ಪತ್ರೆಗೆ ನೀವೇ ಕರೆದುಕೊಂಡು ಹೋಗಿ.