ಹೀಟರ್ ಎಸೆಯುವ ಮೊದಲು ಒಮ್ಮೆ ಒಣಗಿಸಿ, ಒಮ್ಮೆ ಮುಳುಗಿಸಿ

ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಲೈನ್ ಕಡಿಯುವ ಸ್ವಿಚ್) ಬೀಳಿಸುತ್ತೆ, ಆದ್ರೆ ಮಲ್ಟಿಮೀಟರ್‌ನಲ್ಲಿ ಹೀಟರ್ 26 ಓಮ್ ಆಸುಪಾಸು, ಹೀಟರಿನ ಲೋಹದ ಬಾಡಿ ಜೊತೆ ಸಂಪರ್ಕವೇ ತೋರಿಸಲ್ಲ. "ಹೀಟರ್ ಸರಿಯಿದೆ" ಅಂತ ಕಂಟ್ರೋಲ್ ಬೋರ್ಡ್ ಬದಲಿಸಿ 5–6 ಸಾವಿರ ಕೀಳೋದು ಇಲ್ಲೇ. ಮೀಟರಿನ ಬ್ಯಾಟರಿಗೆ ಎಷ್ಟೋ ಸಲ ಲೀಕೇಜ್ ಸಿಗಲ್ಲ, 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಬೇಕು.

ಯಾವಾಗ ಟ್ರಿಪ್ ಆಗುತ್ತೆ ಅಂತ ಮೊದಲು ನೋಡಿ. ನೀರು ತುಂಬುವಾಗಲೇ ಆದ್ರೆ ಇನ್‌ಲೆಟ್ ವಾಲ್ವ್, ನೀರು ಹೊರಹಾಕುವಾಗ ಆದ್ರೆ ಪಂಪ್, ಬಿಸಿ ಶುರುವಾದಾಗ ಆದ್ರೆ ಹೀಟರ್ ಮೇಲೆ ಅನುಮಾನ. ಪ್ಲಗ್ ತೆಗೆದು ಹೀಟರಿನ ಎರಡೂ ವೈರ್ ಬಿಚ್ಚಿ, ಟೇಪ್ ಸುತ್ತಿ, ತಣ್ಣೀರಲ್ಲಿ ಓಡಿಸಿ. ಬೀಳದಿದ್ರೆ ಕಳ್ಳ ಸಿಕ್ಕ ಹಾಗೆ.

ಹೀಟರ್ ಹೊರತೆಗೆದು ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ಬಿಸಿನೀರಿಗೆ ಹಾಕಿ. ಬೋರ್‌ವೆಲ್ ನೀರಿನ ಪದರ ಅರ್ಧ ಗಂಟೆಯಲ್ಲಿ ಸಡಿಲವಾಗುತ್ತೆ. ಸ್ಕ್ರೂಡ್ರೈವರ್‌ನಲ್ಲಿ ಕೆರೆದ್ರೆ ಕೊಳವೆಯೇ ತೂತಾಗುತ್ತೆ. ಪದರದಡಿ ತುಕ್ಕಿನ ಗುಂಡಿ ಕಂಡ್ರೆ ಗುಜರಿಗೆ.

ಉಳಿದವನ್ನ ಬಿಸಿ ಅಳೆಯುವ ಸೆನ್ಸರ್ ಕಳಚಿ 110 ಡಿಗ್ರಿ ಓವನ್‌ನಲ್ಲಿ ಸುಮಾರು 2 ಗಂಟೆ ಇಡ್ತೀನಿ. ಹೀಟರನ್ನೇ ಬೇಯಿಸ್ತೀರಾ ಅಂತ ನಕ್ಕ ಮೆಕ್ಯಾನಿಕ್‌ಗಳೇ ಈಗ ತಮ್ಮವನ್ನ ತಂದು ಕೊಡ್ತಾರೆ. ಒಳಗಿನ ಮೆಗ್ನೀಷಿಯಂ ಆಕ್ಸೈಡ್ ಪುಡಿ ವೈರ್ ಸೇರುವ ಟರ್ಮಿನಲ್ ತುದಿಯಿಂದ ತೇವ ಎಳೆಯುತ್ತೆ. ಮಲೆನಾಡಿನ ಮಳೆಗಾಲದಲ್ಲಿ ಸುಮ್ಮನೆ ನಿಂತ ಮೆಷಿನ್‌ಗಳಲ್ಲಿ ಇದು ಮಾಮೂಲು. ಆರಿದ ಮೇಲೆ ಟರ್ಮಿನಲ್‌ಗೂ ಬಾಡಿಗೂ ಮೆಗ್ಗರ್ ಹಾಕಿ. ಮೊದಲು ಕಡಿಮೆ ತೋರಿಸಿದ್ದು 50 ಮೆಗೋಮ್ (ಒಂದು ಮೆಗೋಮ್ ಅಂದ್ರೆ ಹತ್ತು ಲಕ್ಷ ಓಮ್) ದಾಟಿದ್ರೆ ಬರೀ ತೇವ. ನಂತರ ಟರ್ಮಿನಲ್ ಮೇಲಿರುವಂತೆ ಕೊಳವೆ ಭಾಗ ಮಾತ್ರ ಅರ್ಧ ಗಂಟೆ ನೀರಲ್ಲಿಟ್ಟು ಮತ್ತೆ ನೋಡಿ. ರೀಡಿಂಗ್ ಕುಸಿದ್ರೆ ಎಲ್ಲೋ ಬಿರುಕಿದೆ, ಆಸೆ ಬಿಡಿ. ಹತ್ತರಲ್ಲಿ ನಾಲ್ಕೈದು ಬದುಕುತ್ತವೆ. ಹೊಸದಕ್ಕೆ ಸಾವಿರದ ಹತ್ತಿರ ಆಗುತ್ತೆ, ಇದಕ್ಕೆ ಕರೆಂಟು ಮತ್ತು ಕೂಲಿ ಮಾತ್ರ.

ಬದುಕಿದವನ್ನ ಮತ್ತೆ ಬಿಸಿ ಮಾಡಿ, ತುದಿ ಬಿಸಿಯಿದ್ದಾಗಲೇ ಸೀಲ್ ಮಾಡಬೇಕು. ಯಾವುದರಿಂದ ಅಂತ ಬರೆಯಲ್ಲ. ವಿನೆಗರ್ ವಾಸನೆಯ ಸಿಲಿಕೋನ್ ಅಂತೂ ಬೇಡ, ಟರ್ಮಿನಲ್‌ಗೆ ತುಕ್ಕು ಹಿಡಿಸುತ್ತೆ.

ಇದೇ ಮೆಗ್ಗರ್ ಬ್ರಷ್ ಇರುವ ಮೋಟರ್‌ಗೂ ಹಾಕಿ ನೋಡಿದೆ. ಸ್ಪಿನ್‌ನಲ್ಲಿ ಟ್ರಿಪ್ ಆಗ್ತಿದ್ದವು ಎಷ್ಟೋ ಕಾರ್ಬನ್ ಪುಡಿ ಊದಿ, ಬ್ರಷ್ ಹೋಲ್ಡರ್ ಒರೆಸಿದ್ದಕ್ಕೇ ಸರಿಹೋದವು. ಆರ್ಮೇಚರ್ (ಮೋಟರಿನ ತಿರುಗುವ ಸುರುಳಿ) ಸುಟ್ಟಿದ್ರೆ ಈ ಆಟ ನಡೆಯಲ್ಲ.

ವಾಪಸ್ ಕೂರಿಸುವಾಗ ಹೀಟರಿನ ಒಳತುದಿ ಟಬ್‌ನ ಕ್ಲಿಪ್ಪಿಗೆ ಸೇರಬೇಕು. ನಟ್ ಬಿಗಿಯುವ ಮೊದಲು ಡ್ರಮ್ ಕೈಯಲ್ಲಿ ತಿರುಗಿಸಿ. ಉಜ್ಜಿದ ಸದ್ದು ಬಂದ್ರೆ ಕ್ಲಿಪ್ ತಪ್ಪಿದೆ, ಬಿಚ್ಚಿ ಮತ್ತೆ ಹಾಕಿ.