ರೋಮನ್ ಗೋಡೆಚಿತ್ರದ ಚೂರು ಜೋಡಿಸುವಾಗ ಮೊದಲು ಬೆನ್ನು ನೋಡಿ

ಗಾಲ್ ಪ್ರದೇಶದ, ಅಂದರೆ ಬಹುಮಟ್ಟಿಗೆ ಇಂದಿನ ಫ್ರಾನ್ಸಿನ, ರೋಮನ್ ವಿಲ್ಲಾಗಳಲ್ಲಿ (ಹಳ್ಳಿಗಾಡಿನ ದೊಡ್ಡ ಮನೆಗಳಲ್ಲಿ) ಚಿತ್ರವಿರುವ ಗೋಡೆ ನಿಂತ ಸ್ಥಿತಿಯಲ್ಲೇ ಸಿಗುವುದು ಅಪರೂಪ. ಎಷ್ಟೋ ಕಡೆ ಕಲ್ಲಿನ ತಳಪಾಯದ ಮೇಲೆ ಮಣ್ಣಿನ ಗೋಡೆ ಎಬ್ಬಿಸಿ, ಅದಕ್ಕೆ ಸುಣ್ಣದ ಗಾರೆ ಬಳಿದಿರುತ್ತಿದ್ದರು. ಚಾವಣಿ ಹೋದ ಮೇಲೆ ಮಣ್ಣು ಕರಗಿ, ಗಾರೆ ಚೂರುಚೂರಾಗಿ ನೆಲಕ್ಕೆ ಉದುರಿರುತ್ತದೆ. ವಿಲ್ಲಾ ಅಲ್ಲದಿದ್ದರೂ ಆರ್ಲ್ ಪಟ್ಟಣದಲ್ಲಿ ಹಾರ್ಪ್ ನುಡಿಸುವ ಹೆಣ್ಣಿನ ಚಿತ್ರ ಸಿಕ್ಕ ಮನೆಯಲ್ಲೂ ಹೆಚ್ಚಾಗಿ ದೊರೆತದ್ದು ನೂರಾರು ಕ್ರೇಟ್ ಚೂರುಗಳೇ.

ಅರ್ಧ ಕೆಲಸ ಉತ್ಖನನದ ಗುಂಡಿಯಲ್ಲೇ ಮುಗಿಯಬೇಕು. ಬಿದ್ದ ರಾಶಿಯ ಮೇಲೆ ದಾರ ಕಟ್ಟಿ 50 ಸೆಂ.ಮೀ. ಚೌಕಗಳನ್ನು ಮಾಡುತ್ತೇವೆ. ಪದರಪದರವಾಗಿ ಫೋಟೊ ತೆಗೆದು, ಪ್ರತಿ ಚೂರಿನ ಬಣ್ಣದ ಮುಖ ಮೇಲಿತ್ತೋ ಕೆಳಗಿತ್ತೋ ಎಂದು ಬರೆದುಕೊಳ್ಳುತ್ತೇವೆ. ಗೋಡೆ ಯಾವ ದಿಕ್ಕಿಗೆ ಮಲಗಿತು ಎಂದು ಆಮೇಲೆ ಹೇಳುವುದು ಈ ಒಂದು ಟಿಪ್ಪಣಿಯೇ. ಬಿರುಕುಬಿಟ್ಟೂ ಕೂಡಿಕೊಂಡಿರುವ ಚೂರುಗಳ ಮೇಲೆ ಗಾಜ್ ಬಟ್ಟೆ ಹಾಸಿ, ಅಸಿಟೋನಿನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳ ಹಚ್ಚಿ ಒಟ್ಟಿಗೆ ಎತ್ತಬಹುದು. ಆದರೆ ಗಾರೆ ಒಣಗಿರಬೇಕು. ಹಸಿ ಗಾರೆಯ ಮೇಲೆ ಆ ರಾಳ ಬೆಳ್ಳಗೆ ಮಂಕಾಗುತ್ತದೆ, ಸರಿಯಾಗಿ ಹಿಡಿಯುವುದೂ ಇಲ್ಲ. ಹಸಿಯಿದ್ದರೆ ಅಡಿಯ ಮಣ್ಣಿನ ಸಮೇತ ತಗಡು ತೂರಿಸಿ ಎತ್ತುವುದೇ ಮೇಲು. ನೆರಳಲ್ಲಿ ನಿಧಾನವಾಗಿ ಒಣಗಿಸಿ. ಬಿಸಿಲಿಗಿಟ್ಟರೆ ಒಳಗಿನ ಲವಣ ಬೇಗ ಮೇಲಕ್ಕೆ ಬಂದು ಬಣ್ಣದ ಪದರವನ್ನು ಎಬ್ಬಿಸುತ್ತದೆ.

ಜೋಡಿಸಲು ಕೂತಾಗ ಎಲ್ಲರ ಕಣ್ಣೂ ಬಣ್ಣದ ಕಡೆಗೇ ಹೋಗುತ್ತದೆ. ನಾನು ಮೊದಲು ಚೂರನ್ನು ಮಗುಚುತ್ತೇನೆ. ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಹೇಳುವ ಆರು ಪದರದ ಗಾರೆ ಗಾಲ್‌ನಲ್ಲಿ ಕಾಣುವುದು ಕಡಿಮೆ. ಸಾಮಾನ್ಯವಾಗಿ ಎರಡೋ ಮೂರೋ ಇರುತ್ತವೆ. ಪದರಗಳ ಸಂಖ್ಯೆ, ದಪ್ಪ, ಮರಳಿನ ಕಾಳು, ಹೆಂಚಿನ ಪುಡಿ ಇದೆಯೋ ಇಲ್ಲವೋ, ಹುಲ್ಲಿನ ಅಚ್ಚು – ಇಷ್ಟನ್ನು ಮುರಿದ ಅಂಚಿನಲ್ಲಿ ಭೂತಗನ್ನಡಿ ಹಿಡಿದು ನೋಡಿ ವಿಂಗಡಿಸಿದರೆ ಒಂದೊಂದು ಗೋಡೆಯೂ ಬೇರೆಯಾಗತೊಡಗುತ್ತದೆ. ಬೆನ್ನಿನಲ್ಲಿ ಮೀನಿನ ಮುಳ್ಳಿನಂಥ ಉಬ್ಬುಗೆರೆಗಳಿದ್ದರೆ ಅದು ಮಣ್ಣಿನ ಗೋಡೆಯದು: ಗಾರೆ ಕಚ್ಚಿಕೊಳ್ಳಲೆಂದು ಹಸಿ ಮಣ್ಣಿಗೆ ಕೊರೆದ ಗೀರುಗಳ ಅಚ್ಚು. ಜೊಂಡಿನ ಕಟ್ಟುಗಳ ಗುರುತಿದ್ದರೆ ಅದನ್ನು ಚಾವಣಿಯ ಟ್ರೇಗೆ ಹಾಕಿ.

ಬಣ್ಣವನ್ನೇ ನಂಬಿದವರಿಗೆ ದೊಡ್ಡ ಪೆಟ್ಟು ಬೀಳುವುದು ಬೆಂಕಿ ಬಿದ್ದ ಮನೆಯಲ್ಲಿ. ಹಳದಿ ಮಣ್ಣಿನ ಬಣ್ಣ 250–300 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕೆಂಪಾಗುತ್ತದೆ. ಒಂದೇ ಹಳದಿ ಅಂಕಣದ (ಗೋಡೆಯ ಮೇಲೆ ಬಣ್ಣ ತುಂಬಿದ ಚೌಕದ) ಅರ್ಧ ಹಳದಿ ಟ್ರೇಗೂ ಇನ್ನರ್ಧ ಕೆಂಪು ಟ್ರೇಗೂ ಹೋದರೆ ಅವು ಮತ್ತೆ ಕೂಡುವುದು ಕಷ್ಟ. ಅಂಚನ್ನು ನೋಡಿ: ಕೆಂಪು ಮೆಲ್ಲಗೆ ಹಳದಿಗೆ ಕರಗುತ್ತಿದ್ದರೆ ಅದು ಕುಂಚದ ಗೆರೆಯಲ್ಲ, ಶಾಖದ ಗುರುತು.

ಮುಖಕ್ಕೆ ದೀಪವನ್ನು ಓರೆಯಾಗಿ ಹಿಡಿದರೆ ಗಾರೆ ನಯಮಾಡಿದ ಕರಣೆಯ ಗೀರು, ನೂಲು ಹೊಡೆದ ಗೆರೆ, ಕೈವಾರದ ಮುಳ್ಳಿನ ತೂತು ಕಾಣುತ್ತವೆ. ಕಮಾನಿನ ಗೆರೆಯ ಮೂರು ಬಿಂದು ಸಿಕ್ಕರೆ ಸಾಕು, ಇಡೀ ವೃತ್ತದ ಅಳತೆ ಸಿಗುತ್ತದೆ. ರೋಮನ್ ಅಡಿ ಸುಮಾರು 29.6 ಸೆಂ.ಮೀ.; ಅಂಕಣದ ಅಗಲ ಊಹಿಸುವಾಗ ಅದರಿಂದ ಭಾಗಿಸಿ ನೋಡುವುದು ಒಳ್ಳೆಯದು. ಬೂದುಬಣ್ಣವೆಂದು ಪಕ್ಕಕ್ಕಿಟ್ಟ ಚೂರಿಗೆ ಎಲ್‌ಇಡಿ ಬೆಳಕು ಬಿಟ್ಟು, ಅವಕೆಂಪನ್ನಷ್ಟೇ ಹಿಡಿಯುವಂತೆ ಮಾಡಿದ ಕ್ಯಾಮೆರಾದಲ್ಲಿ ನೋಡಿ. ಈಜಿಪ್ಟಿನ ನೀಲಿ ಎಂಬ ಪ್ರಾಚೀನ ಕೃತಕ ಬಣ್ಣದ ಒಂದೊಂದು ಹರಳೂ ಬೆಳ್ಳಗೆ ಹೊಳೆಯುತ್ತದೆ.

ಮರಳು ತುಂಬಿದ ಟ್ರೇಯಲ್ಲಿ ಅಂಟಿಲ್ಲದೆ ಪೂರ್ತಿ ಹೊಂದಿಸಿ, ಕೂಡುವ ಕಡೆ ಸೀಮೆಸುಣ್ಣದ ಗುರುತು ಹಾಕಿ, ಆಮೇಲೆ ಅಂಟಿಸಬೇಕು. ಮೊದಲ ಕೀಲಿನಲ್ಲಿ 1 ಮಿ.ಮೀ. ಓರೆಯಾದರೂ ಕೊನೆಯ ಚೂರು ಕೂರಲು ಜಾಗ ಉಳಿಯುವುದಿಲ್ಲ. ಅಂಟಿಗೂ ಅದೇ ಬಿ-72, ಈ ಸಲ ಗಟ್ಟಿಯಾಗಿ, ಶೇ. 40–50. ಎಪಾಕ್ಸಿ ಬೇಡವೇ ಬೇಡ. ಅದು ಗಾರೆಗಿಂತ ಗಟ್ಟಿ, ಒತ್ತಡ ಬಿದ್ದಾಗ ಕೀಲಿನ ಪಕ್ಕದಲ್ಲೇ ಹೊಸ ಬಿರುಕು ಹುಟ್ಟುತ್ತದೆ; ಬಿಡಿಸಿ ಸರಿಪಡಿಸುವ ದಾರಿಯೂ ಮುಚ್ಚುತ್ತದೆ.

ಬೆನ್ನಿನ ಗಾರೆಯನ್ನು ತೆಳ್ಳಗೆ ಮಾಡಿ ಒಳಗೆ ಜೇನುಗೂಡಿನಂತೆ ಟೊಳ್ಳಿರುವ ಅಲ್ಯೂಮಿನಿಯಂ ಹಲಗೆಗೆ ಕೂರಿಸುವುದು ಈಗಿನ ರೂಢಿ, ತೂಕ ತುಂಬ ಇಳಿಯುತ್ತದೆ. ಆದರೆ ತೆಗೆದ ಬೆನ್ನು ಮತ್ತೆ ಬರುವುದಿಲ್ಲ. ಆದ್ದರಿಂದ ಬೆನ್ನಿನ ಫೋಟೊ, ಉಬ್ಬುಗೆರೆಗಳ ನಕ್ಷೆ, ಪ್ರತಿ ಬಗೆಯ ಗಾರೆಯದೂ ತೊಳೆಯದ ಒಂದು ಪೂರ್ಣ ದಪ್ಪದ ಚೂರು, ಈ ಮೂರೂ ಪೆಟ್ಟಿಗೆ ಸೇರುವವರೆಗೆ ನಾವು ಉಳಿ ಮುಟ್ಟುವುದಿಲ್ಲ.